ಎಡಗೆನ್ನೆಯ ಮಚ್ಚೆ

"ಮಚ್ಚೆ ಎಲ್ಲಿ?" ಎಂದು ಬೆಂಗಳೂರಿನ ಲೇಡಿ ಡಾಕ್ಟರು ಕೇಳಿದಾಗ ಗಾದ್ರಮ್ಮನಿಗೆ ಮೊದಲು ಪ್ರಶ್ನೆಯೇ ತಲೆಗೆ ಹೋಗಲಿಲ್ಲ.

ಎಂಬತ್ತೆಂಟನೇ ಇಸವಿಯ ಶ್ರಾವಣ. ಹೊನ್ನಾಳಿಯ ಶಿಶುಮನೆಯ ಪಡಸಾಲೆಯಲ್ಲಿ ಬೆಳಗಿನ ಎಂಟು ಗಂಟೆಯ ಬಿಸಿಲು ಚಾಪೆಯಷ್ಟಗಲ ಬಿದ್ದಿತ್ತು. ದತ್ತು ಹೋಗುವ ಮಕ್ಕಳನ್ನು ಕಾಗದದೊಂದಿಗೆ ತಾಳೆ ನೋಡಲು ಬಂದಿದ್ದ ಡಾಕ್ಟರು ಆ ಬಿಸಿಲಿಗೆ ಮಗುವಿನ ಮುಖವನ್ನು ಹಿಡಿದು ಎಡಗೆನ್ನೆ ನೋಡಿದರು, ಬಲಗೆನ್ನೆ ನೋಡಿದರು, ಕಿವಿಯ ಹಿಂದೆ ನೋಡಿದರು. ಆಮೇಲೆ ತೊಡೆಯ ಮೇಲಿದ್ದ ಕಾಗದವನ್ನು ಗಟ್ಟಿಯಾಗಿ ಓದಿದರು.

"ಗುರುತು: ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಮಚ್ಚೆ. ಇಲ್ಲಿ ಬರೆದಿದೆ, ಇಲ್ಲಿ ಇಲ್ಲ." ಮೊದಲನೆಯ 'ಇಲ್ಲಿ' ಎನ್ನುವಾಗ ಅವರ ಬೆರಳು ಕಾಗದದ ಮೇಲಿತ್ತು, ಎರಡನೆಯದಕ್ಕೆ ಮಗು ಉಚ್ಚಂಗಿಯ ಕೆನ್ನೆಯ ಮೇಲೆ. ಉಚ್ಚಂಗಿ ಆ ಬೆರಳನ್ನೇ ಹಿಡಿದು ಬಾಯಿಗೆ ಹಾಕಿಕೊಂಡಳು. ಒಂದು ವರ್ಷ ಏಳು ತಿಂಗಳು, ದವಡೆ ಹಲ್ಲು ಬರುತ್ತಿದ್ದವು, ಸಿಕ್ಕಿದ್ದನ್ನೆಲ್ಲ ಕಚ್ಚುವ ಕಾಲ.

ಶಿಶುಮನೆಯನ್ನು ನಡೆಸುತ್ತಿದ್ದ ನಿರ್ಮಲಮ್ಮನವರ ಮುಖ ಸುಣ್ಣದಂತಾಯಿತು. ಗಾದ್ರಮ್ಮ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವಳಿಗೆ ಈಗ ಎಲ್ಲವೂ ಅರ್ಥವಾಗಿತ್ತು.

ಇದೆಲ್ಲ ಆದದ್ದು ಗಾದ್ರಮ್ಮನ ಒಂದು ಹಳೆಯ ಹಟದಿಂದ.

ಅವಳು ಜಗಳೂರು ಕಡೆಯ ಸೊಕ್ಕೆ ಎಂಬ ಹಳ್ಳಿಯವಳು. ಹದಿನೇಳಕ್ಕೆ ಮದುವೆ, ಹತ್ತೊಂಬತ್ತಕ್ಕೆ ಚೊಚ್ಚಲು ಗಂಡು. ಆ ಮಗುವನ್ನು ಎತ್ತಿಕೊಂಡು ಒಂದು ದಿನ ಅವಸರದಲ್ಲಿ ಜಗಳೂರಿಗೆ ಹೋಗಿದ್ದಳು. ಅಂದು ಕಾಡಿಗೆಯ ಡಬ್ಬಿ ಮನೆಯಲ್ಲೇ ಮರೆತುಹೋಗಿತ್ತು. ಬಸ್ಸಿನಲ್ಲಿ ಯಾರೋ "ಅಬ್ಬಾ, ಏನ್ ದುಂಡಗೈತೆ ಕೂಸು!" ಅಂದರು. ಅದೇ ಸಂಜೆ ವಾಂತಿಭೇದಿ ಹಿಡಿಯಿತು, ಮೂರನೇ ದಿನ ಕೂಸು ಇರಲಿಲ್ಲ. ಕುಡಿದ ನೀರಿನಿಂದ ಬಂದದ್ದು ಎಂದು ಡಾಕ್ಟರು ಹೇಳಿದರು. ಗಾದ್ರಮ್ಮ ಅದನ್ನೂ ನಂಬಿದಳು. ಅಂದಿನಿಂದ ನೀರನ್ನು ಕುದಿಸದೆ ಯಾವ ಮಗುವಿನ ಬಾಯಿಗೂ ಹಾಕಲಿಲ್ಲ, ಬೊಟ್ಟಿಡದೆ ಯಾವ ಮಗುವನ್ನೂ ಹೊಸಿಲು ದಾಟಿಸಲಿಲ್ಲ. ಎರಡರಲ್ಲಿ ಯಾವುದು ಕಾಯುತ್ತದೋ ಯಾರಿಗೆ ಗೊತ್ತು? ಮಗು ಬೆಚ್ಚಗಿದ್ದರೆ ಜ್ವರವೇನೋ ಎಂದು, ತಣ್ಣಗಿದ್ದರೆ ಇನ್ನೇನೋ ಎಂದು ಹಗಲೆಲ್ಲ ಹಣೆ ಮುಟ್ಟಿ ನೋಡುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಡನೂ ತೀರಿಕೊಂಡ ಮೇಲೆ ಎಪ್ಪತ್ತೊಂಬತ್ತರಲ್ಲಿ ಅವಳು ಹೊನ್ನಾಳಿಗೆ ಬಂದು ಶಿಶುಮನೆಯ ಆಯಾ ಆದಳು. ತಂದೆತಾಯಿ ಇಲ್ಲದ, ಇದ್ದರೂ ಬೇಡವಾದ ಮಕ್ಕಳನ್ನು ಸಾಕಿ ದತ್ತು ಕೊಡುವ ಮನೆ ಅದು. ಒಂಬತ್ತು ವರ್ಷದಲ್ಲಿ ನಲವತ್ತು ಮಕ್ಕಳಿಗೆ ಎಣ್ಣೆ ತಿಕ್ಕಿದ್ದಳು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ಕೆರೆದು ಎಣ್ಣೆಯಲ್ಲಿ ಕಲಸಿದ ಅವಳ ಕಾಡಿಗೆ ಎಂಥದೆಂದರೆ, ಬರಿಗೈಯಲ್ಲಿ ಉಜ್ಜಿದರೆ ಹೋಗದು, ಬೆವರಿಗೆ ಕರಗದು.

ಎರಡು ತಿಂಗಳ ಹಿಂದೆ, ಊರಿನ ಡಾಕ್ಟರ್ ಮಹೇಶ್ವರಪ್ಪನವರು ಒಂದೇ ಬೆಳಗ್ಗೆ ಏಳು ಮಕ್ಕಳನ್ನು ಪರೀಕ್ಷೆ ಮಾಡಿ, ಏಳು ಸರ್ಟಿಫಿಕೇಟು ಬರೆದು, ರಕ್ತದ ಶೀಶೆಗಳಿಗೆ ಚೀಟಿ ಅಂಟಿಸಿ ಬೆಂಗಳೂರಿಗೆ ಕಳಿಸಿದ್ದರು. ಅಂದು ಉಚ್ಚಂಗಿಯ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದೃಷ್ಟಿಬೊಟ್ಟು ಇತ್ತು. ಇವತ್ತು ಇರಲಿಲ್ಲ. "ಬೆಂಗಳೂರಿನಿಂದ ಡಾಕ್ಟರು ಬರ್ತಾರೆ, ಕಪ್ಪು ಮಸಿ ಕಂಡರೆ ಗಲೀಜು ಅಂತಾರೆ, ಮುಖ ಚೊಕ್ಕ ತೊಳಿ" ಎಂದು ನಿರ್ಮಲಮ್ಮನವರು ಹೇಳಿದ್ದರಿಂದ, ಗಾದ್ರಮ್ಮ ಒಂಬತ್ತು ವರ್ಷದಲ್ಲಿ ಮೊದಲ ಬಾರಿ ಒಂದು ಮಗುವಿನ ಮುಖವನ್ನು ಬರಿದು ಮಾಡಿದ್ದಳು!

ಮಚ್ಚೆ ಹೋದರೆ ಹೋಯಿತು, ಅದರಲ್ಲೇನು ಎನ್ನುವ ಹಾಗಿರಲಿಲ್ಲ. ಏಕೆಂದರೆ ಉಚ್ಚಂಗಿಯ ರಕ್ತಕ್ಕೆ ಒಂದು ಕಥೆಯಿತ್ತು.

ಅವಳನ್ನು ಹೆತ್ತವಳು ಹೆರಿಗೆಯಾದ ಒಂಬತ್ತನೇ ದಿನ ತೀರಿಕೊಂಡಿದ್ದಳು. ಮಗುವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾಲ್ಕು ತಿಂಗಳಾದಾಗ ಪರದೇಶದ ದಂಪತಿ ದತ್ತು ಕೇಳಿದರು. ಮಗುವಿನ ಎದೆ, ಕಣ್ಣು, ರಕ್ತ ಎಲ್ಲದರ ವರದಿ ಬೇಕು ಎಂದರು. ಹೊಸದಾಗಿ ಬಂದ ಎಚ್.ಐ.ವಿ. ಪರೀಕ್ಷೆಯೂ ಅದರಲ್ಲಿ ಸೇರಿತ್ತು. ಪತ್ರಿಕೆಯಲ್ಲಿ ಏಡ್ಸ್ ಎಂಬ ಹೆಸರು ಆಗಷ್ಟೇ ಬರತೊಡಗಿದ ಕಾಲ. ವರದಿ ಬಂತು: ಸೋಂಕಿನ ಗುರುತು ಇದೆ. ಮಗು ಕೇಳಿದ್ದ ದಂಪತಿ ಒಂದೇ ಸಾಲಿನಲ್ಲಿ ಬೇಡವೆಂದರು.

ಆ ವಾರವೇ ಅಡುಗೆಯ ಅಜ್ಜಮ್ಮ ಉಚ್ಚಂಗಿಯ ಲೋಟವನ್ನು ಬೇರೆ ಗೂಡಿಗೆ ಎತ್ತಿಟ್ಟಳು. ಹಾಲಿನವನು ಗೇಟಿನಲ್ಲೇ ಹಾಲು ಅಳೆದು ಓಡತೊಡಗಿದ. ಗಾದ್ರಮ್ಮ ಮಗುವಿನ ತೊಟ್ಟಿಲನ್ನು ತನ್ನ ಕೋಣೆಗೇ ಎಳೆದುಕೊಂಡಳು.

"ಭಯ ಆಗಲ್ವೇನೆ ನಿಂಗೆ?" ಎಂದಳು ಅಜ್ಜಮ್ಮ.

"ಭಯ ಯಾಕಾಗಲ್ಲ? ಶೀತ ಆದ್ರೆ ಭಯ, ಹೊಟ್ಟೆ ಉಬ್ಬಿದ್ರೆ ಭಯ. ಎತ್ತಿಕಳ್ಳಾಕೆ ಮಾತ್ರ ಭಯ ಇಲ್ಲ. ಎತ್ತಿಕಂಡ್ರೆ ಬರಲ್ಲ ಅಂತ ಡಾಕ್ಟ್ರೇ ಬರೆದವ್ರೆ."

ವರದಿ ಕಳಿಸಿದ ಡಾಕ್ಟರು ಇನ್ನೊಂದು ಮಾತನ್ನೂ ಬರೆದಿದ್ದರು. ಎಳೆಗೂಸಿನ ರಕ್ತದಲ್ಲಿ ಕಾಣುವುದು ತಾಯಿಯಿಂದ ಬಂದ ಗುರುತು ಮಾತ್ರವೇ ಇರಬಹುದು, ಮಗುವಿಗೆ ಸೋಂಕು ಇಲ್ಲದಿದ್ದರೆ ಒಂದೂವರೆ ವರ್ಷದೊಳಗೆ ಅದು ಅಳಿಸಿಹೋಗುತ್ತದೆ, ಆಗ ಮತ್ತೆ ನೋಡಿ ಎಂದು. ಒಂದೂವರೆ ವರ್ಷ ಕಾಯುವವರು ಯಾರು? ಅಷ್ಟರಲ್ಲಿ ಹಿಮ ಬೀಳುವ ಒಂದು ದೇಶದ ಗಂಡಹೆಂಡತಿ ಬರೆದರು, ನಾವು ಕಾಯುತ್ತೇವೆ ಎಂದು. ತಿಂಗಳಿಗೊಂದು ಫೋಟೋ ಕಳಿಸಿ ಎಂದಷ್ಟೇ ಕೇಳಿದರು.

"ನಮ್ಮ ಹುಡುಗಿ ರಕ್ತ ಕೇಳ್ತಾರಲ್ರಿ ಅಕ್ಕೋರೆ, ಅವರ ರಕ್ತ ನೋಡಿದೋರು ಯಾರು?" ಎಂದು ಗಾದ್ರಮ್ಮ ಒಮ್ಮೆ ಜಗಳಕ್ಕೆ ನಿಂತಿದ್ದಳು. ನಿರ್ಮಲಮ್ಮ ಮೊದಲು ಟೀಚರಾಗಿದ್ದವರು, ಹಾಗಾಗಿ ಎಲ್ಲರಿಗೂ ಅಕ್ಕೋರು. "ಹೆಣ್ಣು ಕೊಡೋರು ಗಂಡಿನ ಮನೆ ಕಡೆ ವಿಚಾರಿಸದೆ ಕೊಡ್ತಾರಾ?"

ನಿರ್ಮಲಮ್ಮ ನಕ್ಕು ಫೈಲು ಬಿಚ್ಚಿದರು. "ನೋಡೇ ಮಾರಾಯ್ತಿ, ಅವರದ್ದೂ ಐತೆ. ಎದೆ, ಹೃದಯ, ರಕ್ತ, ಮನಸ್ಸು, ಎಲ್ಲ ನೆಟ್ಟಗೈತೆ ಅಂತ ಡಾಕ್ಟ್ರು ಬರೆದುಕೊಟ್ಟಾರೆ."

"ಹಲ್ಲಿಂದು?"

"ಹಲ್ಲಿಂದಿಲ್ಲ."

"ಹೋಗ್ಲಿ ಬಿಡ್ರಿ, ಫೋಟೋದಾಗೆ ನಕ್ಕವ್ರೆ. ನಾನು ನೋಡ್ಕಂಡೀನಿ."

ಹೀಗೆ ಕಾದು ಕಾದು, ಹದಿನೇಳನೇ ತಿಂಗಳಿಗೆ ಎರಡನೇ ವರದಿ ಬಂದಿತ್ತು. ಸೋಂಕು ಇಲ್ಲ! ಅಂದು ಗಾದ್ರಮ್ಮ ಬೆಲ್ಲದ ಅಚ್ಚೊಂದನ್ನು ಒಡೆದು ಹಾಲಿನವನ ಬಾಯಿಗೂ ಹಾಕಿದ್ದಳು.

ಈಗ ಲೇಡಿ ಡಾಕ್ಟರು ಕನ್ನಡಕ ತೆಗೆದರು. ಅವರು ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಿರ್ಮಲಮ್ಮನವರೇ, ಮೊದಲನೇ ರಕ್ತದಲ್ಲಿ ಸೋಂಕಿನ ಗುರುತು ಇದೆ ಅಂತ ಬಂತು. ಎರಡನೇದರಲ್ಲಿ ಇಲ್ಲ ಅಂತ ಬಂತು. ಆ ಎರಡನೇ ರಕ್ತ ಕೆನ್ನೆ ಮೇಲೆ ಮಚ್ಚೆ ಇರೋ ಮಗೂದು ಅಂತ ಕಾಗದ ಹೇಳ್ತಿದೆ. ಈ ಮಗುವಿಗೆ ಮಚ್ಚೆಯೇ ಇಲ್ಲ. ನನ್ನ ಜಾಗದಲ್ಲಿ ನೀವಿದ್ದರೆ ಏನಂದುಕೊಳ್ತಿದ್ರಿ?"

ಬೇರೆ ಮಗುವಿನ ರಕ್ತ ಕಳಿಸಿದ್ದಾರೆ ಎಂದುಕೊಳ್ಳುತ್ತಿದ್ದೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಪಡಸಾಲೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು.

ಸುಳ್ಳು ಹೇಳಬಾರದು, ಆ ಗಳಿಗೆಯಲ್ಲಿ ಗಾದ್ರಮ್ಮನ ಮನಸ್ಸಿಗೆ ಒಂದು ಕಳ್ಳ ಆಸೆ ನುಗ್ಗಿತು. ಸುಮ್ಮನಿದ್ದುಬಿಟ್ಟರೆ? ಮಗು ಎಲ್ಲಿಗೂ ಹೋಗುವುದಿಲ್ಲ. ತೊಟ್ಟಿಲು ತನ್ನ ಕೋಣೆಯಲ್ಲೇ ಇರುತ್ತದೆ. ನಾಳೆಯೂ ಬೆಳಗ್ಗೆ ಈ ಪುಟ್ಟ ಕಾಲುಗಳು ತನ್ನ ಹೊಟ್ಟೆಯನ್ನೇ ಒದೆಯುತ್ತವೆ. ಆದರೆ ಫೈಲಿನಲ್ಲಿ? ರಕ್ತ ಬದಲಾಯಿಸಿದ ಮಗು, ಕಾಯಿಲೆ ಮುಚ್ಚಿಟ್ಟ ಮಗು ಎಂದು ಕೂತುಬಿಡುತ್ತದೆ. ಆ ಲೋಟ ಜನ್ಮಪೂರ್ತಿ ಬೇರೆ ಗೂಡಿನಲ್ಲೇ ಇರುತ್ತದೆ.

"ಅದು ಮಚ್ಚೆ ಅಲ್ರಿ ಡಾಕ್ಟ್ರಮ್ಮಾರೆ. ನಾನಿಟ್ಟ ಬೊಟ್ಟು."

"ಏನು?"

"ದೃಷ್ಟಿ ಆಗಬಾರದು ಅಂತ ದಿನಾ ಇಡ್ತೀನ್ರಿ. ಮಹೇಶ್ವರಪ್ಪ ಡಾಕ್ಟ್ರು ಅವಸರದಾಗೆ ಅದನ್ನೇ ಮಚ್ಚೆ ಅಂತ ಬರಕಂಡಾರೆ. ಇವತ್ತು ಅಕ್ಕೋರು ತೊಳಿ ಅಂದ್ರು, ತೊಳೆದೆ."

"ಇದನ್ನ ನಾನು ಹೇಗೆ ನಂಬಲಿ?"

ಆಗ ನಿರ್ಮಲಮ್ಮನವರು "ಅಯ್ಯೋ ಶಿವನೇ, ಆ ಕಾಗದ!" ಎಂದು ಎದ್ದು ಬೀರುವಿನತ್ತ ಓಡಿದರು. ಹಿಮದ ದೇಶದ ತಾಯಿ ಜೂನ್ ತಿಂಗಳಲ್ಲಿ ಬರೆದಿದ್ದ ಪತ್ರವದು. ಹುಚ್ಚು ಪ್ರಶ್ನೆ, ಆಮೇಲೆ ಉತ್ತರ ಬರೆದರಾಯಿತು ಎಂದು ಅವರು ಪಕ್ಕಕ್ಕಿಟ್ಟು ಮರೆತಿದ್ದರು. ಜೊತೆಗೆ ಮೂರು ಫೋಟೋ. ಲೇಡಿ ಡಾಕ್ಟರು ಪತ್ರವನ್ನು ಕನ್ನಡದಲ್ಲೇ ಬಿಡಿಸಿ ಓದಿದರು:

"ಮಾರ್ಚ್ ತಿಂಗಳ ಫೋಟೋದಲ್ಲಿ ಮಗುವಿನ ಕಪ್ಪು ಮಚ್ಚೆ ಎಡಗೆನ್ನೆಯಲ್ಲಿದೆ. ಏಪ್ರಿಲ್‌ನಲ್ಲಿ ಬಲಗೆನ್ನೆಗೆ ಬಂದಿದೆ. ಮೇ ತಿಂಗಳಲ್ಲಿ ಹಣೆಗೆ ಹೋಗಿದೆ. ನಡೆದಾಡುವ ಮಚ್ಚೆಯ ವಿಷಯ ಇಲ್ಲಿನ ನಮ್ಮ ವೈದ್ಯರಿಗೆ ಗೊತ್ತಿಲ್ಲ. ಮಗುವಿಗೆ ನೋವಾಗುತ್ತಿದೆಯೇ? ದಯವಿಟ್ಟು ತಿಳಿಸಿ. ಏನಿದ್ದರೂ ನಮಗೆ ಅವಳು ಬೇಕು."

ಡಾಕ್ಟರ ತುಟಿ ಕೊಂಕಿತು. ತಡೆಯಲು ನೋಡಿದರು, ಆಗಲಿಲ್ಲ. ಬಿದ್ದು ಬಿದ್ದು ನಕ್ಕರು. "ನನ್ನ ಮಗನಿಗೂ ನಮ್ಮತ್ತೆ ಇಡ್ತಾರೆ" ಎಂದು ಕಣ್ಣೊರೆಸಿಕೊಂಡು, ಮರುಗಳಿಗೆಯಲ್ಲೇ ಗಂಭೀರವಾದರು. "ನಾನು ನಂಬಿದೆ. ಆದರೆ ಕಾಗದ ನಂಬಬೇಕಲ್ಲ! ಸರ್ಟಿಫಿಕೇಟು ಬರೆದ ಡಾಕ್ಟರೇ ಮಗುವನ್ನ ಕಣ್ಣಾರೆ ನೋಡಿ, ಆ ಸಾಲು ಹೊಡೆದುಹಾಕಿ, ಸರಿಯಾದ ಗುರುತು ಬರೆದು, ಸಹಿ ಸೀಲು ಹಾಕಬೇಕು. ನನ್ನ ಕಾರು ಮೂರು ಗಂಟೆಗೆ ಹೊರಡುತ್ತೆ. ನಾಳೆ ಫೈಲು ಒಪ್ಪಿಸೋಕೆ ಕೊನೇ ದಿನ. ತಪ್ಪಿದರೆ ಆ ದಂಪತಿಗೆ ಸಿಕ್ಕಿರೋ ಅನುಮತಿ ಬಿದ್ದುಹೋಗುತ್ತೆ. ಮುಂದಿನ ತಿಂಗಳು ಗಂಡನ ವಯಸ್ಸು ಆ ದೇಶದ ಲೆಕ್ಕ ಮೀರುತ್ತೆ, ಇನ್ನೊಂದು ಸಲ ಸಿಗಲ್ಲ. ಮತ್ತೆ, ರಕ್ತ ನಾನೇ ಈಗ ಇನ್ನೊಂದು ಸಲ ತೆಗೀತೀನಿ. ಯಾರ ಬಾಯಲ್ಲೂ ಮಾತು ಉಳಿಯಬಾರದು."

ಹೊಸ ಸೂಜಿಯನ್ನು ಕಾಗದದಿಂದ ಬಿಚ್ಚಿ, ಗಾದ್ರಮ್ಮನ ತೊಡೆಯ ಮೇಲೆಯೇ ರಕ್ತ ತೆಗೆದರು. ಉಚ್ಚಂಗಿ ಅತ್ತ ರಭಸಕ್ಕೆ ಹಾಲಿನವನು ಗೇಟು ದಾಟಿ ಒಳಗೇ ಬಂದುಬಿಟ್ಟ.

ಉಳಿದ ಮಕ್ಕಳ ಪರೀಕ್ಷೆ ಇದ್ದುದರಿಂದ ನಿರ್ಮಲಮ್ಮ ಬಿಟ್ಟು ಹೋಗುವಂತಿರಲಿಲ್ಲ. ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾದ್ರಮ್ಮನ ಕೈಗೆ ಕೊಟ್ಟರು. ಮಹೇಶ್ವರಪ್ಪನವರು ಹೋದ ತಿಂಗಳಷ್ಟೇ ಹೊನ್ನಾಳಿಯ ದವಾಖಾನೆ ಮುಚ್ಚಿ ಚನ್ನಗಿರಿಗೆ ಹೋಗಿದ್ದರು. ಎಂಟೂಮುಕ್ಕಾಲಿನ ಚನ್ನಗಿರಿ ಬಸ್ಸಿಗೆ ಗಾದ್ರಮ್ಮ ಓಡಿದಳು. ಹೆಗಲಿಗೆ ಕುದಿಸಿದ ನೀರಿನ ಬಾಟಲಿ, ಕಂಕುಳಲ್ಲಿ ಮಗು, ಸೊಂಟದಲ್ಲಿ ಕಾಡಿಗೆ ಡಬ್ಬಿ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಶಿವಗಂಗಮ್ಮ ಎಂಬ ಹೊನ್ನಾಳಿಯ ಹೆಂಗಸು. ಮೊದಲು ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟರು. ಆಮೇಲೆ ಗಾದ್ರಮ್ಮನ ಮುಖ ನೋಡಿ ಗುರುತು ಹತ್ತಿ, ಸೆರಗು ಎಳೆದುಕೊಂಡು ಕಿಟಕಿಗೆ ಅಂಟಿದರು.

"ಶಿಶುಮನೆ ಕೂಸಲ್ವಾ ಇದು? ಆ ಕಾಯಿಲೇದು?"

"ಕೂಸು ಶಿಶುಮನೇದೆ ಕಣ್ರಿ. ಕಾಯಿಲೆ ಇಲ್ಲ. ಇದ್ರೂ ಪಕ್ಕ ಕೂತ್ರೆ ಬರಲ್ಲ, ಹಣ್ಣು ತಿಂದ್ರೆ ಬರಲ್ಲ. ಒಂದು ವರ್ಷದಿಂದ ನನ್ನ ತಟ್ಟೆಯಾಗೆ ಉಂಡೈತೆ. ನೋಡ್ರಿ, ನಾನು ಹೆಂಗಿದೀನಿ!" ಎಂದು ಗಾದ್ರಮ್ಮ ತನ್ನ ದಪ್ಪ ತೋಳನ್ನು ಮುಂದೆ ಚಾಚಿದಳು.

ಶಿವಗಂಗಮ್ಮ ಆ ತೋಳನ್ನು ನೋಡಿ, "ಅದೇನೋ ಖರೆ, ಕುಸ್ತಿಗೆ ಹೋಗಬಹುದು ನೀನು" ಎಂದು ನಕ್ಕರು. ಚನ್ನಗಿರಿ ಬರುವಷ್ಟರಲ್ಲಿ ಉಚ್ಚಂಗಿ ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಚನ್ನಗಿರಿಯಲ್ಲಿ ಮಹೇಶ್ವರಪ್ಪನವರ ದವಾಖಾನೆಗೆ ಬೀಗ! ಎದುರಿನ ಅಡಿಕೆ ಮಂಡಿಯ ಜಯದೇವಪ್ಪನವರು ಕಟ್ಟೆಯಿಂದಲೇ ಕೂಗಿದರು: "ಯಾರಮ್ಮ? ಡಾಕ್ಟ್ರು ಇವತ್ತು ನ್ಯಾಮತಿಯಾಗೆ. ಅಲ್ಲಿ ಸಂತೆ ದಿನ ಅಲ್ಲೇ ಕೂರ್ತಾರೆ. ಎಲ್ಲಿಂದ ಬಂದೆ?"

"ಹೊನ್ನಾಳಿಯಿಂದ ಕಣಪ್ಪ."

"ಅಯ್ಯೋ! ಮಗ್ಗಲ ಮನೆ ಬಿಟ್ಟು ಊರೆಲ್ಲ ಸುತ್ತಿದಂಗಾತಲ್ಲ! ನ್ಯಾಮತಿ ನಿಮ್ಮೂರಿನ ಆ ಕಡೆ."

ಗಾದ್ರಮ್ಮ ಅಲ್ಲೇ ಕುಸಿದು ಕೂರಬೇಕಿತ್ತು. ಕೂರಲು ಹೊತ್ತಿರಲಿಲ್ಲ. ಹತ್ತೂವರೆ ಆಗಿತ್ತು. ನಿಂತಲ್ಲೇ ಎರಡು ಮಾತಿನಲ್ಲಿ ಸಂಗತಿ ಹೇಳಿದಳು. ಜಯದೇವಪ್ಪನವರು ಪಂಚೆ ಎತ್ತಿ ಕಟ್ಟಿ ಅವಳ ಮುಂದೆ ಓಡಿ, ಹೊರಟ ಬಸ್ಸಿನ ಬಾಗಿಲಿಗೆ ಬಡಿದರು. "ಏಯ್, ನಿಲ್ಲಿಸೋ! ಕೂಸು ಪರದೇಶಕ್ಕೆ ಹೊಂಟೈತೆ!" ಕಂಡಕ್ಟರು ಗಾಬರಿಯಾಗಿ ಸೀಟಿ ಊದಿದ. ಇಡೀ ಬಸ್ಸು, ಈ ಕೆಂಪು ಬಸ್ಸು ಯಾವ ಪರದೇಶಕ್ಕೆ ಹೋಗುತ್ತದೆಂದು ನಗಾಡಿತು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿ ಮುಟ್ಟುವಾಗ ಒಂದು ಗಂಟೆ. ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಮಹೇಶ್ವರಪ್ಪನವರು ಕೂತಿದ್ದರು. ಮೆಟ್ಟಿಲ ತುಂಬ ಜನ. ಗಾದ್ರಮ್ಮ ಮಗುವನ್ನು ಮುಂದೆ ಮಾಡಿಕೊಂಡು "ಸರೀರಪ್ಪ, ಸರೀರಿ" ಎಂದು ನುಗ್ಗಿ ನೇರ ಮೇಜಿನ ಮುಂದೆ ನಿಂತಳು. ಕಾಗದ ತೋರಿಸಿ ವಿಷಯ ಹೇಳಿದಳು.

ಮಹೇಶ್ವರಪ್ಪನವರು ಒಳ್ಳೆಯ ಡಾಕ್ಟರು. ಆದರೆ ಇಪ್ಪತ್ತು ಜನ ರೋಗಿಗಳ ಎದುರು 'ನೀವು ತಪ್ಪು ಬರೆದಿರಿ' ಎಂದರೆ ಯಾವ ಡಾಕ್ಟರು ಒಪ್ಪುತ್ತಾರೆ?

"ಏನಮ್ಮ, ಮಸಿಗೂ ಮಚ್ಚೆಗೂ ವ್ಯತ್ಯಾಸ ಗೊತ್ತಿಲ್ದೆ ಇಪ್ಪತ್ತು ವರ್ಷ ಡಾಕ್ಟ್ರಿಕೆ ಮಾಡೀನಾ? ಮಚ್ಚೆ ಇತ್ತು. ನಾನೇ ಮುಟ್ಟಿ ನೋಡೀನಿ. ಈ ಮಗು ಅದಲ್ಲ. ಅದನ್ನ ಕರಕಂಡು ಬಾ."

"ಇದೇ ಮಗೂರಿ!"

"ಹಂಗಾದ್ರೆ ಮಚ್ಚೆ ತೋರಿಸು."

ಗಾದ್ರಮ್ಮ ಮಗುವಿನೊಂದಿಗೆ ಹೊರಗೆ ಮೆಟ್ಟಿಲಿಗೆ ಹೋದಳು. ಮೆಟ್ಟಿಲ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಸಣ್ಣತಿಮ್ಮಪ್ಪ ಎಂಬ ಮುದುಕ "ಸೋತು ಹೊಂಟೆಯೇನವ್ವ?" ಎಂದು ಕೇಳಿದ. "ತಡಿಯಜ್ಜ" ಎಂದು ಅವಳು ಸೊಂಟದಿಂದ ಡಬ್ಬಿ ತೆಗೆದು, ಉಂಗುರಬೆರಳಿಗೆ ಕಾಡಿಗೆ ತಾಗಿಸಿ, ಕೆನ್ನೆಗೊಂದು ಬೊಟ್ಟು ಒತ್ತಿ, ಊದಿ, ಮತ್ತೆ ಒಳಗೆ ಬಂದಳು. ಅಜ್ಜನೂ ಕುಂಟುತ್ತ ಹಿಂದೆಯೇ ಬಂದ.

"ಈಗ ನೋಡ್ರಿ ಡಾಕ್ಟ್ರೆ. ನೀವು ಅವತ್ತು ಕಂಡಿದ್ದು ಇದೇನಾ?"

ಮಹೇಶ್ವರಪ್ಪನವರು ಬಗ್ಗಿ ನೋಡಿದರು. ಹೆಬ್ಬೆರಳಿಂದ ಒಂದು ಸಲ ಸವರಿದರು. ಹೋಗಲಿಲ್ಲ. ಮುಖ ಅರಳಿತು.

"ಇದೇ! ನೋಡು, ಇಲ್ಲೇ ಐತಲ್ಲ! ಬೆಂಗಳೂರಿನೋರಿಗೆ ಕಣ್ಣು ಕಾಣಲ್ವಾ? ಎಡಗೆನ್ನೆ, ಕಡಲೆಕಾಳಿನಷ್ಟು. ನಾನು ಬರೆದಿದ್ದು ಅಂದ್ರೆ ಬರೆದಿದ್ದೇ!"

ಗಾದ್ರಮ್ಮ ಸೆರಗಿನ ತುದಿಯನ್ನು ಮೇಜಿನ ಮೇಲಿದ್ದ ಕೊಬ್ಬರಿ ಎಣ್ಣೆಯ ಶೀಶೆಗೆ ಅದ್ದಿದಳು. ಒಂದು ಉಜ್ಜು, ಎರಡು ಉಜ್ಜು. ಮೂರನೆಯದಕ್ಕೆ ಕೆನ್ನೆ ಕನ್ನಡಿಯ ಹಾಗೆ ಹೊಳೆಯಿತು.

ಸಣ್ಣತಿಮ್ಮಪ್ಪ ಮೆಲ್ಲಗೆ ಕೇಳಿದ: "ಡಾಕ್ಟ್ರೇ, ನನ್ನ ಕಾಲಿನ ಹುಣ್ಣೂ ಹಿಂಗೆ ಒಂದು ಸಲ ಒರೆಸಿ ನೋಡ್ತೀರೇನ್ರಿ?"

ಮೆಟ್ಟಿಲಿನವರೆಗೂ ನಗೆ ಉರುಳಿಕೊಂಡು ಹೋಯಿತು. ಮಹೇಶ್ವರಪ್ಪನವರ ಮುಖ ಕೆಂಪಾಯಿತು, ಬೆವೆತಿತು, ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ. "ತಾಯಿ, ಗೆದ್ದೆ ನೀನು. ಕೊಡು ಇಲ್ಲಿ" ಎಂದು ಪೆನ್ನು ತೆಗೆದರು. ಆ ಸಾಲು ಹೊಡೆದರು. 'ದೃಷ್ಟಿಬೊಟ್ಟನ್ನು ತಪ್ಪಾಗಿ ಮಚ್ಚೆಯೆಂದು ಬರೆದಿದ್ದೇನೆ, ಪರೀಕ್ಷಿಸಿ ರಕ್ತ ತೆಗೆದದ್ದು ಇದೇ ಮಗುವಿನದು' ಎಂದು ಅಂಚಿನಲ್ಲಿ ಬರೆದರು. ಆಮೇಲೆ ಹೊಸ ಗುರುತು ಹುಡುಕಿದರು. ಬಲಮೊಣಕಾಲಿನ ಹಿಂದೆ ಹುಟ್ಟಿನಿಂದಲೇ ಬಂದ ಕಂದುಮಚ್ಚೆಯೊಂದಿತ್ತು. ಅದನ್ನು ಸ್ಪಿರಿಟ್ ಹತ್ತಿಯಿಂದ ಮೂರು ಸಲ, ಎಣ್ಣೆಯಿಂದ ಎರಡು ಸಲ ಉಜ್ಜಿ, "ಇದು ನಿಂದಲ್ಲ ತಾನೆ?" ಎಂದು ಗಾದ್ರಮ್ಮನನ್ನು ಕೇಳಿ, ಆಮೇಲೆಯೇ ಬರೆದು ಸೀಲು ಹೊಡೆದರು.

ಕೆಳಗಿಳಿದರೆ ಹೊನ್ನಾಳಿಯ ಬಸ್ಸು ಧೂಳೆಬ್ಬಿಸಿಕೊಂಡು ತಿರುವಿನಲ್ಲಿ ಮರೆಯಾಗುತ್ತಿತ್ತು. ಎರಡು ಗಂಟೆ! ಸಂತೆಯ ತುದಿಯಲ್ಲಿ ಅಂಜಿನಪ್ಪ ಎಂಬವನ ಟ್ರ್ಯಾಕ್ಟರು ಹೊರಡುತ್ತಿತ್ತು.

"ಅಣ್ಣಾ, ಹೊನ್ನಾಳಿಗಾ?"

"ಗೋವಿನಕೋವಿ ಗಂಟ ಅಷ್ಟೇ ಕಣಕ್ಕ."

"ಅಷ್ಟೇ ಸಾಕು, ಮುಂದಕ್ಕೆ ನಡಕಂಡು ಹೋಗ್ತೀನಿ. ನೀನು ಓಡಿಸು!"

ಅಂಜಿನಪ್ಪ ಓಡಿಸಿದ. ಟ್ರೇಲರಿನಲ್ಲಿ ಈರುಳ್ಳಿ ಚೀಲದ ಮೇಲೆ ಕೂತ ಗಾದ್ರಮ್ಮನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅವಳು ಒಂದು ಕೈಯಿಂದ ಮಗುವಿನ ತಲೆ, ಒಂದು ಕೈಯಿಂದ ಪ್ಲಾಸ್ಟಿಕ್ ಚೀಲ ಹಿಡಿದಿದ್ದಳು. ಗಾಳಿ ಬಡಿದು ಕಿವಿನೋವು ಬಂದರೆ ಎಂದು ಸೆರಗಿನಿಂದ ಮಗುವಿನ ಕಿವಿ ಸುತ್ತಿದಳು. ಕೆನ್ನೆ ಬರಿದಾಗಿದೆಯಲ್ಲ ಎಂಬ ದಿಗಿಲು ಬೇರೆ. ಉಚ್ಚಂಗಿ ಮಾತ್ರ ಪ್ರತಿ ಕುಲುಕಿಗೂ ಕೇಕೆ ಹಾಕಿದಳು.

ಗೋವಿನಕೋವಿಯಲ್ಲಿ ನೋಡಿದರೆ, ತಪ್ಪಿಹೋದ ಅದೇ ಬಸ್ಸು ಹುಣಸೆ ಮರದ ಕೆಳಗೆ ನಿಂತಿತ್ತು! ಚಕ್ರ ಪಂಕ್ಚರಾಗಿ ಆಗಷ್ಟೇ ಬದಲಿಸಿ ಮುಗಿದಿತ್ತು. ಹಿಂಬಾಗಿಲಿನಿಂದ ಗಾದ್ರಮ್ಮ ಹತ್ತುವುದಕ್ಕೂ ಬಸ್ಸು ಅಲುಗುವುದಕ್ಕೂ ಸರಿಹೋಯಿತು.

ಶಿಶುಮನೆಯ ಗೇಟಿಗೆ ಬಂದಾಗ ಮೂರು ಗಂಟೆ ಹತ್ತು ನಿಮಿಷ. ಕಾರು ಅಲ್ಲೇ ಇತ್ತು. ನಿರ್ಮಲಮ್ಮನವರು ಲೇಡಿ ಡಾಕ್ಟರ ಮುಂದೆ ಒಗ್ಗರಣೆ ಮಂಡಕ್ಕಿ ಇಟ್ಟಿದ್ದರು. ಅದು ಮುಗಿದ ಮೇಲೆ ಮೆಣಸಿನಕಾಯಿ ಬಜ್ಜಿ, ಆಮೇಲೆ ಚಹಾ, ಅದೂ ಮುಗಿದ ಮೇಲೆ ಇನ್ನೊಂದು ಬಾಣಲೆ ಬಜ್ಜಿ. "ಸಾಕಪ್ಪ, ಹೊಟ್ಟೆ ಒಡೆಯುತ್ತೆ" ಎಂದು ಡಾಕ್ಟರು ಏಳುತ್ತಿದ್ದಾಗ ಗಾದ್ರಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಮೈ ತುಂಬ ಧೂಳು, ತಲೆಯಲ್ಲಿ ಈರುಳ್ಳಿ ಸಿಪ್ಪೆ. ಕಾಗದ ಚಾಚಿದಳು.

ಡಾಕ್ಟರು ಓದಿದರು. ಉಚ್ಚಂಗಿಯನ್ನು ಬೋರಲು ಮಾಡಿ ಮೊಣಕಾಲ ಹಿಂದೆ ನೋಡಿದರು. "ಇದೆ!" ಎಂದರು. ಪಡಸಾಲೆಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು.

ಫೈಲು ಹೋಯಿತು. ಆದರೆ ಮೂರನೇ ರಕ್ತದ ಉತ್ತರ ಬರಬೇಕಿತ್ತಲ್ಲ! ಆ ಹತ್ತು ದಿನ ಗಾದ್ರಮ್ಮ ಉಂಡದ್ದು ಎಷ್ಟೋ, ಬಿಟ್ಟದ್ದು ಎಷ್ಟೋ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿದರೆ ಗೇಟಿಗೆ ಓಡುವಳು. ಮಗು ಒಂದು ಸಲ ಸೀನಿದರೆ ಜೀವ ಹೋಗಿ ಬರುವುದು. ಹತ್ತನೇ ದಿನ ಮಧ್ಯಾಹ್ನ ತಂತಿ ಬಂತು. ನಿರ್ಮಲಮ್ಮ ಒಡೆದು ಓದಿದರು, ಓದಿದ್ದನ್ನು ಮತ್ತೆ ಓದಿದರು, ಆಮೇಲೆ ಮಗ್ಗಿ ಹೇಳಿಕೊಡುವ ಹಳೆಯ ದನಿಯಲ್ಲಿ ಕೂಗಿದರು: "ಇಲ್ಲ ಕಣೇ ಗಾದ್ರಿ! ಏನೂ ಇಲ್ಲ! ಮುಂದಿನ ಸೋಮವಾರ ಬೆಂಗಳೂರಿಗೆ ಕರಕಂಡು ಬರ್ರಿ ಅಂತ ಬರೆದಾರೆ!"

ಅಡುಗೆಮನೆಯಿಂದ ಅಜ್ಜಮ್ಮ ಗೂಡಿನಲ್ಲಿದ್ದ ಆ ಲೋಟ ತಂದು ಬೇರೆ ಲೋಟಗಳ ಜೊತೆ ಬೋರಲು ಹಾಕಿದಳು.

"ಅವತ್ತೇ ಬೆರೆಸಿದ್ರೂ ಏನೂ ಆಗ್ತಿರಲಿಲ್ಲ ಅಜ್ಜಮ್ಮ" ಎಂದಳು ಗಾದ್ರಮ್ಮ.

"ಗೊತ್ತಾತು ಕಣೆ. ಹಂಗಿಸಬೇಡ" ಎಂದು ಅಜ್ಜಮ್ಮ ಕಣ್ಣೊರೆಸಿಕೊಂಡಳು.

ಸೋಮವಾರ ಬೆಳಗ್ಗೆ ಹೊಸ ಲಂಗ, ಹೊಸ ಸ್ವೆಟರು. ನಿರ್ಮಲಮ್ಮನವರು ನಾಲ್ಕು ಸಲ ಹೇಳಿದರು: "ಗಾದ್ರಿ, ದಮ್ಮಯ್ಯ, ಮುಖಕ್ಕೆ ಏನೂ ಹಚ್ಚಬೇಡ. ಇನ್ನೊಂದು ಸಲ ನ್ಯಾಮತಿಗೆ ಓಡಿಸಾಕೆ ನಂಗಾಗಲ್ಲ." "ಹಚ್ಚಲ್ರಿ ಅಕ್ಕೋರೆ" ಎಂದು ಗಾದ್ರಮ್ಮ ನಾಲ್ಕು ಸಲವೂ ತಲೆಯಾಡಿಸಿದಳು.

ಕಾರು ಹತ್ತುವಾಗ ಉಚ್ಚಂಗಿ ಕಾಲಾಡಿಸಿದಳು, ಎಡಗಾಲಿನ ಕಾಲುಚೀಲ ಜಾರಿ ಬಿತ್ತು. ಪುಟ್ಟ ಅಂಗಾಲಿನ ನಡುವೆ ಕಡಲೆಕಾಳಿನಷ್ಟು ಕಪ್ಪು ಬೊಟ್ಟು ಹೊಳೆಯುತ್ತಿತ್ತು.

ನಿರ್ಮಲಮ್ಮ ಗಾದ್ರಮ್ಮನನ್ನು ನೋಡಿದರು. ಗಾದ್ರಮ್ಮ ಆಕಾಶ ನೋಡಿದಳು.

"ಮುಖ ಅಂದ್ರಿ ನೀವು. ಕಾಲು ಅನ್ನಲಿಲ್ಲ."

ನಿರ್ಮಲಮ್ಮ ಬಗ್ಗಿ ಕಾಲುಚೀಲ ಎತ್ತಿಕೊಂಡರು. ತಾವೇ ಮಗುವಿನ ಕಾಲಿಗೆ ಅದನ್ನು ಎಳೆದು, ಬೊಟ್ಟು ಅಳಿಸದ ಹಾಗೆ ಹುಷಾರಾಗಿ ಮೇಲಕ್ಕೇರಿಸಿದರು.